ಎಡೆದೊರೆ ನಾಡಿನಲ್ಲಿ ನೆರೆರಾಜ್ಯಗಳ ಸಾಂಸ್ಕೃತಿಕ ಸಂಬಂಧಗಳು

ಎಡೆದೊರೆ ನಾಡು ಎಂಬುದು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಭೂಭಾಗಕ್ಕೆ ಇರುವ ಹಳೆಯ ಹೆಸರು. ಇತಿಹಾಸ ಗ್ರಂಥಗಳಲ್ಲಿ ಇದನ್ನು ರಾಯಚೂರು ದೋಆಬ್ ಎಂದು ಕರೆಯಲಾಗಿದೆ. ಕರ್ನಾಟಕದ ಇಂದಿನ ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳು ಮುಖ್ಯವಾಗಿ ಈ ಪ್ರದೇಶದಲ್ಲಿವೆ. 14ನೆಯ ಶತಮಾನದಿಂದ 16ನೆಯ ಶತಮಾನದವರೆಗೆ ವಿಜಯನಗರ ಸಾಮ್ರಾಜ್ಯ ಮತ್ತು ಅದರ ಉತ್ತರಕ್ಕಿದ್ದ ಬಹಮನಿ ರಾಜ್ಯ, ಅನಂತರ ಬಿಜಾಪುರದ ಆದಿಲ್ ಶಾಹಿ ರಾಜ್ಯ, ಈ ನಾಡಿಗಾಗಿ ಪದೇ ಪದೇ ಯುದ್ಧ ಮಾಡಿದವು. ಇದೇ ಅವಧಿಯಲ್ಲಿ ಈ ರಾಜ್ಯಗಳು ಉಡುಪು, ಬಿರುದು, ಕಟ್ಟಡ ಕಲೆ, ಸಂಗೀತ, ಯುದ್ಧನೀತಿ ಮತ್ತು ಅತಿಥಿ ಸತ್ಕಾರದ ಕ್ರಮಗಳನ್ನು ಪರಸ್ಪರ ಪಡೆದುಕೊಂಡವು. ನೆರೆಹೊರೆಯ ರಾಜ್ಯಗಳ ಸಂಬಂಧದಲ್ಲಿ ಹಂಚಿಕೊಂಡ ಸಂಸ್ಕೃತಿಯ ಪಾತ್ರವೇನು ಎಂಬ ಪ್ರಶ್ನೆಯ ಅಧ್ಯಯನಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಚರಿತ್ರೆ ಒಂದು ಮುಖ್ಯ ಉದಾಹರಣೆಯಾಗಿದೆ.

ವ್ಯಾಪ್ತಿ

ಎರಡು ರಾಜ್ಯಗಳ ಜನರು ಅಥವಾ ಆಸ್ಥಾನಗಳು ಭಾಷೆ, ಧರ್ಮ, ಕಲೆ, ಆಚಾರ ಅಥವಾ ನೀತಿಕಲ್ಪನೆಗಳಲ್ಲಿ ಸಮಾನ ಅಂಶಗಳನ್ನು ಹೊಂದಿರುವುದನ್ನು ಹಂಚಿಕೊಂಡ ಸಂಸ್ಕೃತಿ ಎನ್ನಲಾಗುತ್ತದೆ. ಇದು ಸ್ನೇಹಕ್ಕೆ ಆಧಾರವಾಗುತ್ತದೆ ಎಂಬ ನಂಬಿಕೆ ಸಾಮಾನ್ಯವಾದುದು. ಆದರೆ ಒಂದೇ ಸಂಸ್ಕೃತಿಯ ನೆರೆಯವರು ಯುದ್ಧ ಮಾಡಿದ ನಿದರ್ಶನಗಳೂ, ಭಿನ್ನ ಸಂಸ್ಕೃತಿಯವರು ದೀರ್ಘಕಾಲ ಸಹಕರಿಸಿದ ನಿದರ್ಶನಗಳೂ ಇತಿಹಾಸದಲ್ಲಿ ದೊರೆಯುತ್ತವೆ. ಎಡೆದೊರೆ ನಾಡಿನಲ್ಲಿ ಈ ಎರಡೂ ಬಗೆಯ ನಿದರ್ಶನಗಳಿವೆ.

ಭೌಗೋಳಿಕ ಹಿನ್ನೆಲೆ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಅನಂತರ ಕನಕಗಿರಿ, ಕಾರಟಗಿ ಮತ್ತು ಕುಕನೂರು ಹೊಸ ತಾಲ್ಲೂಕುಗಳಾದವು. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರಾ ನದಿ ಹರಿಯುತ್ತದೆ. ನದಿಯ ಉತ್ತರ ದಡದಲ್ಲಿ ಗಂಗಾವತಿ ತಾಲ್ಲೂಕಿನ ಆನೆಗೊಂದಿಯೂ ದಕ್ಷಿಣ ದಡದಲ್ಲಿ ಹಂಪೆಯೂ ಇವೆ. ಕುಷ್ಟಗಿಗೆ ಹೊಂದಿಕೊಂಡ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಹಾಗೂ ಪೂರ್ವದ ರಾಯಚೂರು ಈ ನಾಡಿನ ಎರಡು ದೊಡ್ಡ ಕೋಟೆಗಳು. ಫಲವತ್ತಾದ ಭೂಮಿ, ಎರಡು ನದಿಗಳ ದಾಟುಗಳು ಮತ್ತು ಬೆಟ್ಟದ ಕೋಟೆಗಳು ಈ ನಾಡನ್ನು ಎರಡೂ ಕಡೆಯ ಅರಸರಿಗೆ ಅನಿವಾರ್ಯವಾಗಿಸಿದವು.

ನಾಡು ಗಡಿಯಾಗುವ ಮೊದಲು ಕನ್ನಡ ಸಂಸ್ಕೃತಿಯ ಕೇಂದ್ರವಾಗಿತ್ತು. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಕೊಪಣವು ಪ್ರಸಿದ್ಧ ಜೈನ ತೀರ್ಥವೂ ಆಗಿತ್ತು. ಯಲಬುರ್ಗಾವು ಶಾಸನಗಳಲ್ಲಿ ಎರಂಬರಗೆ ಎಂದು ಕರೆಯಲ್ಪಟ್ಟಿದ್ದು, ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿತ್ತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ ಇದೇ ಭಾಗದಲ್ಲಿದೆ.

ಅಶೋಕನ ಶಾಸನಗಳು

ಈ ಪ್ರದೇಶದಲ್ಲಿ ದೊರೆತಿರುವ ಅತಿ ಪ್ರಾಚೀನ ಲಿಖಿತ ದಾಖಲೆಗಳು ಮೌರ್ಯ ಚಕ್ರವರ್ತಿ ಅಶೋಕನ ಕಿರು ಬಂಡೆ ಶಾಸನಗಳು. ಕೊಪ್ಪಳದ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡು ಎಂಬ ಎರಡು ಸ್ಥಳಗಳಲ್ಲಿ ಇವು 1931ರಲ್ಲಿ ಬೆಳಕಿಗೆ ಬಂದವು. ಅದಕ್ಕೂ ಮೊದಲು, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನವು ದೇವಾನಾಂಪ್ರಿಯನೆಂಬುವನು ಅಶೋಕನೇ ಎಂಬುದನ್ನು ಹೆಸರಿನ ಮೂಲಕವೇ ದೃಢಪಡಿಸಿತ್ತು.

ಕೊಪ್ಪಳದ ಶಾಸನಗಳ ವಿಷಯ ವಿದೇಶ ಸಂಬಂಧವಲ್ಲ. ಧರ್ಮದ ಆಚರಣೆಯಲ್ಲಿ ಶ್ರಮಿಸಿದರೆ ದೊಡ್ಡವರಂತೆ ಸಣ್ಣವರೂ ಉನ್ನತಿ ಪಡೆಯಬಲ್ಲರು ಎಂಬುದು ಅವುಗಳ ಸಾರ. ಆದರೆ ಅಶೋಕನ ಬೃಹತ್ ಬಂಡೆ ಶಾಸನಗಳು ಇದೇ ಧರ್ಮವನ್ನು ನೆರೆರಾಜ್ಯಗಳ ಸಂಬಂಧಕ್ಕೂ ಅನ್ವಯಿಸುತ್ತವೆ. ಎರಡನೆಯ ಶಾಸನವು ಚೋಳ, ಪಾಂಡ್ಯ, ತಾಮ್ರಪರ್ಣಿ ಮೊದಲಾದ ಗಡಿಯಾಚೆಯ ನಾಡುಗಳಲ್ಲಿಯೂ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿದುದನ್ನು ಹೇಳುತ್ತದೆ. ಹದಿಮೂರನೆಯ ಶಾಸನವು ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ದಾಖಲಿಸಿ, ಆಯುಧದ ಗೆಲುವಿಗಿಂತ ಧರ್ಮದ ಗೆಲುವೇ ಮೇಲು ಎನ್ನುತ್ತದೆ. ಅನ್ಯ ಪಂಥಗಳನ್ನು ಗೌರವಿಸಬೇಕೆಂಬ ಹನ್ನೆರಡನೆಯ ಶಾಸನದ ಭಾಗವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿದೆ. ನೆರೆಯವರೊಂದಿಗಿನ ನಡೆಗೆ ನೀತಿಯ ಆಧಾರ ಇರಬೇಕೆಂಬ ವಿಚಾರವನ್ನು ಅರಸನೊಬ್ಬ ಕಲ್ಲಿನ ಮೇಲೆ ಬರೆಸಿದ ಮೊದಲ ಭಾರತೀಯ ದಾಖಲೆಗಳು ಇವು.

ಕುಮ್ಮಟದುರ್ಗ ಮತ್ತು ಶರಣಾಗತ ರಕ್ಷಣೆ

ವಿಜಯನಗರಕ್ಕಿಂತ ಮೊದಲು ತುಂಗಭದ್ರೆಯ ತೀರದಲ್ಲಿ ಕಂಪಿಲಿ ಎಂಬ ಚಿಕ್ಕ ರಾಜ್ಯವಿತ್ತು. ಗಂಗಾವತಿ ಸಮೀಪದ ಕುಮ್ಮಟದುರ್ಗವು ಅದರ ಪ್ರಮುಖ ಕೋಟೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಬಂಧುವೂ ಸಗರದ ಅಧಿಕಾರಿಯೂ ಆಗಿದ್ದ ಬಹಾವುದ್ದೀನ್ ಗುರ್ಶಾಸ್ಪನು ಬಂಡೆದ್ದು, ಸೋತು, ಕಂಪಿಲರಾಯನ ಆಶ್ರಯ ಬೇಡಿದನು. ಅವನನ್ನು ಒಪ್ಪಿಸಲು ಕಂಪಿಲರಾಯ ನಿರಾಕರಿಸಿದನು. ಇದರ ಪರಿಣಾಮವಾಗಿ ದೆಹಲಿಯ ಸೈನ್ಯ ಆಕ್ರಮಣ ಮಾಡಿತು. 1327ರಲ್ಲಿ ಕಂಪಿಲಿ ರಾಜ್ಯ ಅಳಿಯಿತು. ಕೊನೆಯ ಗಳಿಗೆಯಲ್ಲಿ ರಾಯನು ಆಶ್ರಿತನನ್ನು ಹೊಯ್ಸಳ ಅರಸ ಮೂರನೆಯ ಬಲ್ಲಾಳನ ಬಳಿಗೆ ಕಳುಹಿಸಿದನು. ಬಲ್ಲಾಳನು ಅವನನ್ನು ದೆಹಲಿಯ ಸೈನ್ಯಕ್ಕೆ ಒಪ್ಪಿಸಿದನು. ಈ ಘಟನೆಯನ್ನು ಪ್ರವಾಸಿ ಇಬ್ನ್ ಬತೂತ ತನ್ನ ಕಥನದಲ್ಲಿ ವಿವರಿಸಿದ್ದಾನೆ.

ಶರಣು ಬಂದವನನ್ನು ಕಾಯುವುದು ಇಬ್ಬರು ಅರಸರಿಗೂ ತಿಳಿದಿದ್ದ ಮೌಲ್ಯ. ಒಬ್ಬನು ಅದಕ್ಕಾಗಿ ರಾಜ್ಯ ಕಳೆದುಕೊಂಡನು, ಮತ್ತೊಬ್ಬನು ರಾಜ್ಯ ಉಳಿಸಿಕೊಳ್ಳಲು ಅದನ್ನು ಬಿಟ್ಟುಕೊಟ್ಟನು. ಜನರ ನೆನಪು ಮಾತ್ರ ಕಂಪಿಲಿಯ ಪಕ್ಷವನ್ನೇ ಹಿಡಿದಿದೆ. ಕಂಪಿಲರಾಯನ ಮಗ ಕುಮಾರರಾಮನು ಕನ್ನಡ ಸಾಂಗತ್ಯ ಕಾವ್ಯಗಳ ಮತ್ತು ಜನಪದ ಕಥೆಗಳ ನಾಯಕನಾದನು.

ವಿಜಯನಗರ ಮತ್ತು ಬಹಮನಿ ರಾಜ್ಯ

ವಿಜಯನಗರದ ಸ್ಥಾಪನೆಯ ವರ್ಷವನ್ನು ಸಾಂಪ್ರದಾಯಿಕವಾಗಿ 1336 ಎಂದು ಹೇಳಲಾಗುತ್ತದೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಅನಂತರ ರಾಜಧಾನಿ ಬೀದರಿಗೆ ಸ್ಥಳಾಂತರವಾಯಿತು. ಎರಡೂ ರಾಜ್ಯಗಳು ದೆಹಲಿಯ ಅಧಿಕಾರ ದಕ್ಷಿಣದಲ್ಲಿ ಕುಸಿದಾಗ ಹುಟ್ಟಿದವು.

ಇವುಗಳ ಸಂಬಂಧದ ಬಗೆಗಿನ ಅನೇಕ ವಿವರಗಳು ಫೆರಿಸ್ತಾ ಎಂಬ ಇತಿಹಾಸಕಾರನಿಂದ ಬಂದಿವೆ. ಅವನು ಬಿಜಾಪುರದ ಆಸ್ಥಾನದಲ್ಲಿ 17ನೆಯ ಶತಮಾನದ ಆರಂಭದಲ್ಲಿ ಬರೆದವನು. ಹಿಂದಿನ ಶತಮಾನಗಳ ಘಟನೆಗಳನ್ನು ಅವನು ಸುಲ್ತಾನರ ಪಕ್ಷದಿಂದ ನೋಡಿದ್ದಾನೆ. ಆದುದರಿಂದ ಅವನ ಬರಹವನ್ನು ಶಾಸನಗಳೊಂದಿಗೆ ಹೋಲಿಸಿ ಓದುವುದು ಇತಿಹಾಸಕಾರರ ರೂಢಿ.

1366ರ ಯುದ್ಧ ಮತ್ತು ಯುದ್ಧನೀತಿಯ ಒಪ್ಪಂದ

ಫೆರಿಸ್ತಾನ ಪ್ರಕಾರ, ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾ ದೆಹಲಿಯಿಂದ ಬಂದ ಗಾಯಕರ ಹಾಡಿಗೆ ಮೆಚ್ಚಿ, ಅವರ ಸಂಭಾವನೆಯನ್ನು ವಿಜಯನಗರದ ಖಜಾನೆಯಿಂದ ಕೊಡಬೇಕೆಂದು ಆಜ್ಞಾಪತ್ರ ಬರೆಸಿದನು. ನೆರೆಯ ಅರಸನನ್ನು ತನ್ನ ಸಾಮಂತನೆಂದು ಭಾವಿಸಿದಂತಿದ್ದ ಈ ಪತ್ರವನ್ನು ತಂದವನನ್ನು ವಿಜಯನಗರದಲ್ಲಿ ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಲಾಯಿತು. ಆಗ ಒಂದನೆಯ ಬುಕ್ಕರಾಯನು ಆಳುತ್ತಿದ್ದನು. ಅವನ ಸೈನ್ಯ ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ವಶಪಡಿಸಿಕೊಂಡು ಅಲ್ಲಿಯ ಕಾವಲು ಪಡೆಯನ್ನು ಕೊಂದಿತು. ಸುಲ್ತಾನನು ಪ್ರತೀಕಾರವಾಗಿ ನಡೆಸಿದ ದಂಡಯಾತ್ರೆಯಲ್ಲಿ ಸಾಮಾನ್ಯ ಜನರ ಹತ್ಯೆ ಬಹು ದೊಡ್ಡ ಪ್ರಮಾಣದಲ್ಲಿ ನಡೆಯಿತು.

ಸಂಧಿಯ ಸಂದರ್ಭದಲ್ಲಿ ವಿಜಯನಗರದ ರಾಯಭಾರಿಗಳು ಒಂದು ಪ್ರಸ್ತಾಪ ಮುಂದಿಟ್ಟರು. ಎರಡೂ ರಾಜ್ಯಗಳು ಮುಂದೆಯೂ ನೆರೆಹೊರೆಯಾಗಿಯೇ ಇರಬೇಕಾದ್ದರಿಂದ, ಇನ್ನು ಮುಂದಿನ ಯುದ್ಧಗಳಲ್ಲಿ ಆಯುಧ ಹಿಡಿಯದವರನ್ನು ಕೊಲ್ಲಬಾರದು ಎಂಬುದೇ ಅದರ ತಾತ್ಪರ್ಯ. ಸುಲ್ತಾನನು ಒಪ್ಪಿದನು. ಯುದ್ಧದ ಬಳಿಕ ಸೆರೆಸಿಕ್ಕವರನ್ನು ಕೊಲ್ಲದಿರುವ ರೂಢಿ ಅಂದಿನಿಂದ ದಖ್ಖನಿನಲ್ಲಿ ಬೆಳೆಯಿತೆಂದು ಫೆರಿಸ್ತಾ ಹೇಳುತ್ತಾನೆ. ಮುಂದಿನ ಯುದ್ಧಗಳಲ್ಲಿ ಇದು ಪೂರ್ಣವಾಗಿ ಪಾಲನೆಯಾಗಲಿಲ್ಲ. ಆದರೂ ಭಿನ್ನ ಧರ್ಮದ ಎರಡು ಆಸ್ಥಾನಗಳು ಯುದ್ಧಕ್ಕೆ ಒಂದು ಎಲ್ಲೆಯನ್ನು ಒಪ್ಪಿಕೊಂಡದ್ದು ಗಮನಾರ್ಹ.

1407ರ ವಿವಾಹ

ಬಹಮನಿ ಸುಲ್ತಾನ ಫಿರೋಜ್ ಷಾ ಮತ್ತು ಒಂದನೆಯ ದೇವರಾಯನ ನಡುವೆ 1406ರಲ್ಲಿ ಆರಂಭವಾದ ಯುದ್ಧವು ಸಂಧಿಯಲ್ಲಿ ಮುಗಿಯಿತು. ದೇವರಾಯನು ತನ್ನ ಮಗಳನ್ನು ಸುಲ್ತಾನನಿಗೆ ವಿವಾಹ ಮಾಡಿಕೊಟ್ಟು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ನೀಡಿದನೆಂದೂ, ಸುಲ್ತಾನನು ಅತಿಥಿಯಾಗಿ ವಿಜಯನಗರವನ್ನು ಪ್ರವೇಶಿಸಿದಾಗ ರಾಯನು ಅದ್ಧೂರಿಯಿಂದ ಎದುರುಗೊಂಡನೆಂದೂ ಫೆರಿಸ್ತಾ ಬರೆದಿದ್ದಾನೆ. ವಿಜಯನಗರದ ಶಾಸನಗಳಲ್ಲಿ ಈ ವಿವಾಹದ ಉಲ್ಲೇಖ ಇಲ್ಲದಿರುವುದರಿಂದ ಕೆಲವು ಇತಿಹಾಸಕಾರರು ಇದನ್ನು ಸಂಶಯಿಸಿದ್ದಾರೆ.

ಫೆರಿಸ್ತಾನ ಕಥನದ ಮುಂದಿನ ಭಾಗ ಹೆಚ್ಚು ಅರ್ಥಪೂರ್ಣವಾದುದು. ಸುಲ್ತಾನನು ಹಿಂದಿರುಗುವಾಗ ದೇವರಾಯನು ಸ್ವಲ್ಪ ದೂರ ಜೊತೆಗೆ ಬಂದು, ಶಿಬಿರ ತಲುಪುವ ಮುನ್ನವೇ ಮರಳಿದನು. ತನ್ನನ್ನು ಪೂರ್ತಿ ಬೀಳ್ಕೊಡಲಿಲ್ಲವೆಂದು ಸುಲ್ತಾನನು ಅವಮಾನಗೊಂಡನು. ಬೀಗತನದಿಂದ ಹುಟ್ಟಬೇಕಿದ್ದ ಸ್ನೇಹ ಅಲ್ಲಿಗೇ ಮುರಿಯಿತು. ಕೆಲವೇ ವರ್ಷಗಳಲ್ಲಿ ಪಾನಗಲ್ಲಿನ ಕೋಟೆಗಾಗಿ ಮತ್ತೆ ಯುದ್ಧವಾಗಿ ಫಿರೋಜ್ ಷಾ ಸೋತನು.

ಎರಡನೆಯ ದೇವರಾಯನ ಕಾಲ

ಎರಡನೆಯ ದೇವರಾಯನು (1424–1446) ಬಹಮನಿ ಸೈನ್ಯದ ಕುದುರೆ ಸವಾರರ ಮತ್ತು ಬಿಲ್ಲುಗಾರರ ಮೇಲುಗೈಯನ್ನು ಗಮನಿಸಿ, ಮುಸ್ಲಿಂ ಯೋಧರನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡನು. ಅವರಿಗೆ ಭೂಮಿ ನೀಡಿದನು, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿದನು ಮತ್ತು ಅವರು ತಮ್ಮ ಧರ್ಮಕ್ಕೆ ಚ್ಯುತಿಯಿಲ್ಲದೆ ನಮಸ್ಕರಿಸಲು ಅನುಕೂಲವಾಗುವಂತೆ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನು ಎಂದು ಫೆರಿಸ್ತಾ ತಿಳಿಸುತ್ತಾನೆ. ಹಂಪೆಯಲ್ಲಿ ಉಳಿದಿರುವ ಅಹಮದ್ ಖಾನನ ಕಟ್ಟಡ ಈ ಮಾತಿಗೆ ಸ್ವತಂತ್ರ ಸಾಕ್ಷಿ ಒದಗಿಸುತ್ತದೆ. ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಅರಸನಿಗೆ ಪುಣ್ಯವಾಗಲೆಂದು ಧರ್ಮಸಾಲೆಯನ್ನು ಕಟ್ಟಿಸಿದನೆಂದು ಅಲ್ಲಿಯ ಕನ್ನಡ ಶಾಸನ ಹೇಳುತ್ತದೆ. ಮಸೀದಿಯೆಂದು ಗುರುತಿಸಲಾಗಿರುವ ಕಟ್ಟಡವನ್ನು ಶಾಸನವು ಧರ್ಮಸಾಲೆ ಎಂಬ ಕನ್ನಡ ಪದದಿಂದ ಕರೆದಿದೆ.

1443ರಲ್ಲಿ ಹೆರಾತಿನ ತೈಮೂರಿ ದೊರೆ ಷಾರುಖನ ರಾಯಭಾರಿ ಅಬ್ದುರ್ ರಜಾಕನು ವಿಜಯನಗರಕ್ಕೆ ಬಂದು, ನಗರದ ಏಳು ಸುತ್ತಿನ ಕೋಟೆಯನ್ನೂ ಮಹಾನವಮಿಯ ಉತ್ಸವವನ್ನೂ ವರ್ಣಿಸಿದನು. ಅವನು ಹಿಂದಿರುಗುವಾಗ ದೇವರಾಯನು ತನ್ನ ದೂತರನ್ನು ಜೊತೆಗೆ ಕಳುಹಿಸಿದನು.

ಉಡುಪು, ಬಿರುದು ಮತ್ತು ಕಟ್ಟಡ

ವಿಜಯನಗರದ ಅರಸರು 14ನೆಯ ಶತಮಾನದ ಮಧ್ಯಭಾಗದಿಂದಲೇ ಹಿಂದೂರಾಯ ಸುರತ್ರಾಣ ಎಂಬ ಬಿರುದನ್ನು ಧರಿಸಿದರು. ಸುರತ್ರಾಣ ಎಂಬುದು ಸುಲ್ತಾನ ಎಂಬ ಪದದ ಸಂಸ್ಕೃತೀಕೃತ ರೂಪ. ಆಸ್ಥಾನದಲ್ಲಿ ಅರಸರೂ ಅಧಿಕಾರಿಗಳೂ ಕಬಾಯಿ ಎಂಬ ನಿಲುವಂಗಿಯನ್ನೂ ಕುಲ್ಲಾಯಿ ಎಂಬ ಉದ್ದನೆಯ ಟೊಪ್ಪಿಗೆಯನ್ನೂ ಧರಿಸುತ್ತಿದ್ದರು. ಇವು ಅರಬ್ಬಿಯ ಕಬಾ ಮತ್ತು ಪಾರಸಿಯ ಕುಲಾಹ್ ಪದಗಳಿಂದ ಬಂದವು. ಉತ್ತರ ಕರ್ನಾಟಕದಲ್ಲಿ ಮಕ್ಕಳಿಗೆ ತೊಡಿಸುವ ಕುಲಾವಿಯ ಹೆಸರಿನಲ್ಲಿ ಈ ಪದ ಇಂದಿಗೂ ಉಳಿದಿದೆ. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಉಡುಪು ಮತ್ತು ಬಿರುದುಗಳನ್ನು ಪರಿಶೀಲಿಸಿ, ವಿಜಯನಗರವು ತನ್ನ ಧರ್ಮವನ್ನು ಉಳಿಸಿಕೊಂಡೇ ಅಂದಿನ ವಿಶಾಲ ಇಸ್ಲಾಮೀ ಜಗತ್ತಿನ ರಾಜಮರ್ಯಾದೆಯ ಭಾಷೆಯನ್ನು ಅಳವಡಿಸಿಕೊಂಡಿತೆಂದು ವಾದಿಸಿದ್ದಾರೆ. ಹಂಪೆಯ ಕಮಲ ಮಹಲ್, ಗಜಶಾಲೆ ಮತ್ತು ರಾಣಿಯ ಸ್ನಾನಗೃಹಗಳ ಕಮಾನು ಮತ್ತು ಗುಮ್ಮಟಗಳಲ್ಲಿಯೂ ಇದೇ ಬೆರಕೆ ಕಾಣುತ್ತದೆ. ದೇವಾಲಯಗಳ ಗರ್ಭಗೃಹಗಳನ್ನು ಮಾತ್ರ ದ್ರಾವಿಡ ಶೈಲಿಯಲ್ಲಿಯೇ ಕಟ್ಟಲಾಯಿತು.

ರಾಯಚೂರು ಯುದ್ಧ

ಬಹಮನಿ ರಾಜ್ಯ ಒಡೆದು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಮತ್ತು ಬೇರಾರ್ ರಾಜ್ಯಗಳು ಉದಯಿಸಿದ ನಂತರ ಎಡೆದೊರೆ ನಾಡು ವಿಜಯನಗರ ಮತ್ತು ಬಿಜಾಪುರಗಳ ಗಡಿಯಾಯಿತು. 1520ರ ಮೇ ತಿಂಗಳಿನಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಷಾನನ್ನು ರಾಯಚೂರಿನ ಬಳಿ ಸೋಲಿಸಿದನು. ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್ ತಿಳಿಸುವಂತೆ, ಕುದುರೆ ಕೊಳ್ಳಲು ಅರಸನಿಂದ ಹಣ ಪಡೆದ ಒಬ್ಬ ಮುಸ್ಲಿಂ ವರ್ತಕನು ಬಿಜಾಪುರದ ಆಶ್ರಯಕ್ಕೆ ಓಡಿಹೋದದ್ದು ಯುದ್ಧಕ್ಕೆ ನೆಪವಾಯಿತು. ತಪ್ಪಿಸಿಕೊಂಡ ಸಾಲಗಾರರನ್ನೂ ದ್ರೋಹಿಗಳನ್ನೂ ಒಪ್ಪಿಸಬೇಕೆಂಬ ಷರತ್ತು ಎರಡು ರಾಜ್ಯಗಳ ಸಂಧಿಯಲ್ಲಿ ಇತ್ತು. ಹೀಗೆ ಕಂಪಿಲರಾಯನ ಕಾಲದ ಪ್ರಶ್ನೆ ಸುಮಾರು ಎರಡು ಶತಮಾನಗಳ ನಂತರ ಪಕ್ಷಗಳು ಅದಲುಬದಲಾಗಿ ಮರಳಿ ಬಂದಿತು.

ರಾಯಚೂರು ಶರಣಾದಾಗ ಅಲ್ಲಿಯ ನಿವಾಸಿಗಳ ಆಸ್ತಿಗೆ ರಾಯನು ಅಭಯ ನೀಡಿದನೆಂದು ನೂನಿಜ್ ಬರೆದಿದ್ದಾನೆ. ಆದರೆ ಸಂಧಿಗಾಗಿ ಬಂದ ಬಿಜಾಪುರದ ದೂತನಿಗೆ, ಆದಿಲ್ ಷಾ ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂದು ಅವನು ವಿಧಿಸಿದ ಷರತ್ತನ್ನೂ ನೂನಿಜ್ ದಾಖಲಿಸಿದ್ದಾನೆ. ಸೋತ ನಗರದ ಜನರಿಗೆ ದೊರೆತ ಉದಾರತೆ ಸೋತ ಅರಸನಿಗೆ ದೊರೆಯಲಿಲ್ಲ.

ರಾಮರಾಯ ಮತ್ತು 1565ರ ಯುದ್ಧ

ನೆರೆರಾಜ್ಯಗಳ ಸಂಸ್ಕೃತಿಯನ್ನು ಒಳಗಿನಿಂದ ಬಲ್ಲ ಅರಸರಲ್ಲಿ ಅಳಿಯ ರಾಮರಾಯನು ಪ್ರಮುಖನು. ಒಂದು ಪಾರಸಿ ಚರಿತ್ರೆಯ ಪ್ರಕಾರ ಅವನು ಯೌವನದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದು, ಅನಂತರ ಕೃಷ್ಣದೇವರಾಯನ ಬಳಿಗೆ ಬಂದವನು. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಕುತುಬ್ ಷಾ ತನ್ನ ಅಣ್ಣನಿಗೆ ಹೆದರಿ 1543ರಿಂದ 1550ರವರೆಗೆ ವಿಜಯನಗರದಲ್ಲಿ ಆಶ್ರಯ ಪಡೆದಿದ್ದನು. ಸುಲ್ತಾನನಾದ ಮೇಲೆ ಅವನು ತೆಲುಗು ಕವಿಗಳ ಪೋಷಕನಾಗಿ ಮಲ್ಕಿಭರಾಮ ಎಂಬ ಹೆಸರು ಗಳಿಸಿದನು. ಬಿಜಾಪುರದ ಒಂದನೆಯ ಅಲಿ ಆದಿಲ್ ಷಾ, ರಾಮರಾಯನು ಪುತ್ರಶೋಕದಲ್ಲಿದ್ದಾಗ ತಾನೇ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿದನು. ರಾಮರಾಯನ ಪತ್ನಿ ಅವನನ್ನು ಮಗನೆಂದು ಭಾವಿಸಿದಳೆಂದು ಫೆರಿಸ್ತಾ ಹೇಳುತ್ತಾನೆ.

ಇಲ್ಲಿಯೂ ಫೆರಿಸ್ತಾ ಬೀಳ್ಕೊಡುಗೆಯ ಮಾತನ್ನು ಎತ್ತುತ್ತಾನೆ. ಅಲಿ ಆದಿಲ್ ಷಾ ಹೊರಟಾಗ ರಾಮರಾಯನು ಕಳುಹಿಸಿಕೊಡಲು ಬರಲಿಲ್ಲ. ಸುಲ್ತಾನನು ಆ ನೋವನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡನು. ಒಂದೂವರೆ ಶತಮಾನದ ಅಂತರದ ಎರಡು ಪ್ರಸಂಗಗಳಿಗೆ ಒಂದೇ ಕಾರಣ ಕೊಟ್ಟಿರುವುದು ಫೆರಿಸ್ತಾನ ಕಥನ ಶೈಲಿಯೂ ಆಗಿರಬಹುದು. ಆದರೂ ಬೀಳ್ಕೊಡುವ ದೂರವು ಗೌರವದ ಅಳತೆ ಎಂಬುದು ಎರಡೂ ಆಸ್ಥಾನಗಳಿಗೆ ತಿಳಿದಿದ್ದ ಮರ್ಯಾದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರಾಮರಾಯನು ಸುಲ್ತಾನರಲ್ಲಿ ಒಬ್ಬರನ್ನು ಇನ್ನೊಬ್ಬರ ವಿರುದ್ಧ ಬಳಸಿ ತನ್ನ ಪ್ರಾಬಲ್ಯ ಹೆಚ್ಚಿಸಿಕೊಂಡನು. ಕೊನೆಗೆ ಅವರು ಒಂದಾದರು. ಅಹಮದ್‌ನಗರದ ಹುಸೇನ್ ನಿಜಾಮ್ ಷಾ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಷಾನಿಗೆ ಕೊಟ್ಟು, ವಿವಾದದಲ್ಲಿದ್ದ ಸೊಲ್ಲಾಪುರದ ಕೋಟೆಯನ್ನು ಬಳುವಳಿ ನೀಡಿದನು. 1565ರ ಜನವರಿ 23ರಂದು ಕೃಷ್ಣಾ ತೀರದಲ್ಲಿ ನಡೆದ ಯುದ್ಧದಲ್ಲಿ ರಾಮರಾಯನು ಹತನಾದನು. ಈ ಯುದ್ಧವನ್ನು ತಾಳಿಕೋಟೆ ಅಥವಾ ರಕ್ಕಸಗಿ–ತಂಗಡಗಿ ಯುದ್ಧ ಎಂದು ಕರೆಯಲಾಗುತ್ತದೆ. ಗೆದ್ದ ಸುಲ್ತಾನರಲ್ಲಿ ಏಳು ವರ್ಷ ವಿಜಯನಗರದ ಅನ್ನ ಉಂಡಿದ್ದ ಇಬ್ರಾಹಿಂ ಕುತುಬ್ ಷಾನೂ ಇದ್ದನು, ಮಗನೆನಿಸಿಕೊಂಡಿದ್ದ ಅಲಿ ಆದಿಲ್ ಷಾನೂ ಇದ್ದನು. ವಿಜಯನಗರದ ಪಕ್ಷದಲ್ಲಿಯೂ ಮುಸ್ಲಿಂ ಸೇನಾನಿಗಳಿದ್ದರು. ಆದ್ದರಿಂದ ಇದನ್ನು ಕೇವಲ ಎರಡು ಧರ್ಮಗಳ ಯುದ್ಧವೆಂದು ವಿವರಿಸುವುದು ಕಷ್ಟ. ಆದರೆ ಆತ್ಮೀಯ ಪರಿಚಯವು ಯುದ್ಧವನ್ನು ತಡೆಯಲಿಲ್ಲ ಎಂಬುದೂ ಅಷ್ಟೇ ಸತ್ಯ.

ನುಡಿ ಮತ್ತು ಆಚರಣೆಗಳಲ್ಲಿ ಉಳಿದ ಪ್ರಭಾವ

1565ರ ನಂತರ ಎಡೆದೊರೆ ನಾಡು ಬಿಜಾಪುರದ ವಶವಾಯಿತು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾ (1580–1627) ದಖ್ಖನಿ ಭಾಷೆಯಲ್ಲಿ ಕಿತಾಬ್–ಎ–ನೌರಸ್ ಎಂಬ ಗೀತಸಂಗ್ರಹವನ್ನು ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ಜಗದ್ಗುರು ಎಂಬ ಹೆಸರಿನಿಂದ ಅವನು ಖ್ಯಾತನಾದನು.

ಆಸ್ಥಾನಗಳು ಅಳಿದರೂ ಅವುಗಳ ವ್ಯವಹಾರದ ಮಾತುಗಳು ಕನ್ನಡದಲ್ಲಿ ಉಳಿದವು. ರೈತ, ಜಮೀನು, ಅರ್ಜಿ, ಕಚೇರಿ, ತಾಲ್ಲೂಕು, ಜಿಲ್ಲೆ, ತಹಶೀಲ್ದಾರ ಮೊದಲಾದ ಪದಗಳು ಅರಬ್ಬಿ ಮತ್ತು ಪಾರಸಿ ಮೂಲದವು. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಮೊಹರಂ ಹಬ್ಬವನ್ನು ಹಿಂದೂಗಳೂ ಮುಸ್ಲಿಮರೂ ಕೂಡಿ ಆಚರಿಸುತ್ತಾರೆ. ಅಲಾಯಿ ಕುಣಿತ ನಡೆಯುತ್ತದೆ. ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಲ್ಲಿ ಕನ್ನಡದಲ್ಲಿಯೇ ಹಾಡಲಾಗುತ್ತದೆ. ಮುದಗಲ್ಲಿನ ಮೊಹರಂ ವಿಶೇಷವಾಗಿ ಪ್ರಸಿದ್ಧವಾಗಿದೆ.

ನಿಜಾಮ ರಾಜ್ಯದ ಗಡಿ

ಹೈದರಾಬಾದಿನ ನಿಜಾಮನು 1800ರಲ್ಲಿ ಬಳ್ಳಾರಿ ಮೊದಲಾದ ಪ್ರದೇಶಗಳನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟನು. ಆಗ ತುಂಗಭದ್ರಾ ನದಿಯೇ ಗಡಿಯಾಯಿತು. ಆನೆಗೊಂದಿ ನಿಜಾಮನ ರಾಜ್ಯದಲ್ಲಿ ಉಳಿಯಿತು, ಎದುರು ದಡದ ಹಂಪೆ ಮದ್ರಾಸ್ ಪ್ರಾಂತಕ್ಕೆ ಸೇರಿತು. ಪಶ್ಚಿಮದಲ್ಲಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಗಡಿಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ ತಾಗಿತ್ತು. ಒಂದೇ ನುಡಿಯ, ಪರಸ್ಪರ ಬೀಗತನವಿದ್ದ ಜನರು ಮೂರು ಆಡಳಿತಗಳಿಗೆ ಹಂಚಿಹೋದರು. ನಿಜಾಮನ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದುವಾಗಿತ್ತು, ಕನ್ನಡ ಶಾಲೆಗಳು ವಿರಳವಾಗಿದ್ದವು.

1947ರ ಆಗಸ್ಟ್ ನಂತರ ಈ ಗಡಿ ಹೊಸ ಅರ್ಥ ಪಡೆಯಿತು. ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. 1947ರ ನವೆಂಬರ್ 29ರಂದು ಎರಡರ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಪ್ಪಳದ ಜನರಿಗೆ ಗದಗ ಮತ್ತು ಮುಂಡರಗಿಗಳು ನೆರೆರಾಷ್ಟ್ರದ ಊರುಗಳಂತಾದವು. ರಜಾಕಾರರ ಹಿಂಸೆಗೆ ಹೆದರಿ ಗಡಿ ದಾಟಿದವರಿಗೆ ಆಚೆಯ ಬಂಧುಗಳೂ ಊರವರೂ ಆಶ್ರಯ ನೀಡಿದರು. ಅಳವಂಡಿಯ ಶಿವಮೂರ್ತಿ ಸ್ವಾಮಿಯವರ ನೇತೃತ್ವದಲ್ಲಿ ಮುಂಡರಗಿಯಲ್ಲಿಯೂ, ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದಲ್ಲಿ ಗಜೇಂದ್ರಗಡದಲ್ಲಿಯೂ ವಿಮೋಚನಾ ಹೋರಾಟದ ಶಿಬಿರಗಳು ನಡೆದವು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯ ಬಳಿಕ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಭಾಗ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿ ಹಂಚಿಕೊಂಡ ಸಂಸ್ಕೃತಿಯು ಆಸ್ಥಾನಗಳ ಶಿಷ್ಟಾಚಾರವಾಗಿರದೆ ಜನರ ನಂಟಾಗಿತ್ತು. ಗಡಿ ಕೊನೆಗೆ ಅದಕ್ಕೆ ಅನುಗುಣವಾಗಿ ಬದಲಾಯಿತು.

ತುಂಗಭದ್ರಾ ಯೋಜನೆ

ಭಿನ್ನ ಆಡಳಿತಗಳ ಸಹಕಾರಕ್ಕೆ ಈ ಪ್ರದೇಶದ ಪ್ರಮುಖ ನಿದರ್ಶನ ತುಂಗಭದ್ರಾ ಅಣೆಕಟ್ಟು. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ನೀರಿನ ಹಂಚಿಕೆಯ ಬಗ್ಗೆ ದೀರ್ಘಕಾಲ ಚರ್ಚಿಸಿ 1944ರಲ್ಲಿ ಒಪ್ಪಂದಕ್ಕೆ ಬಂದವು. 1945ರ ಫೆಬ್ರವರಿಯಲ್ಲಿ ಎರಡೂ ದಡಗಳಲ್ಲಿ ಪ್ರತ್ಯೇಕವಾಗಿ ಶಂಕುಸ್ಥಾಪನೆ ನಡೆಯಿತು. ಮದ್ರಾಸಿನ ಕಡೆ ಗವರ್ನರ್ ಆರ್ಥರ್ ಹೋಪ್, ಹೈದರಾಬಾದಿನ ಕಡೆ ಬೇರಾರ್ ರಾಜಕುಮಾರ ಶಿಲೆಯಿಟ್ಟರು. ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ಎಡದಂಡೆಯ ಕೇಂದ್ರವಾಯಿತು. 1953ರಿಂದ ತುಂಗಭದ್ರಾ ಮಂಡಳಿ ಜಲಾಶಯದ ಉಸ್ತುವಾರಿ ನೋಡಿಕೊಳ್ಳುತ್ತಿದೆ. ಭಾರತದ ಸ್ವಾತಂತ್ರ್ಯ, ಹೈದರಾಬಾದಿನ ವಿಲೀನ, ರಾಜ್ಯಗಳ ಪುನರ್ವಿಂಗಡಣೆ ಇವೆಲ್ಲ ನಡೆದರೂ ಯೋಜನೆ ನಿಲ್ಲಲಿಲ್ಲ. ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವೆನಿಸಿತು. ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳು ಇಲ್ಲಿ ಹುಟ್ಟಿದವು. ಆನೆಗೊಂದಿ ಮತ್ತು ಗಂಗಾವತಿ ಭಾಗದ ವಿಜಯನಗರ ಕಾಲದ ಕಾಲುವೆಗಳು ಈಗಲೂ ಬಳಕೆಯಲ್ಲಿವೆ. ಗಂಗಾವತಿಗೆ ಹತ್ತಿರದ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಲಾಗಿದೆ.

ಇಂದಿನ ನೆರೆದೇಶಗಳು

ಆಧುನಿಕ ಭಾರತದ ವಿದೇಶ ಸಂಬಂಧಗಳಲ್ಲಿ ಸಾಂಸ್ಕೃತಿಕ ನಂಟಿನ ಮಾತು ಆಗಾಗ ಬರುತ್ತದೆ. 1954ರ ಏಪ್ರಿಲ್‌ನಲ್ಲಿ ಭಾರತ ಮತ್ತು ಚೀನಾ ಸಹಿ ಮಾಡಿದ ಪಂಚಶೀಲದ ತತ್ತ್ವಗಳಿಗೆ ಬೌದ್ಧ ಪರಂಪರೆಯ ಹೆಸರನ್ನೇ ಬಳಸಲಾಯಿತು. ಎಂಟು ವರ್ಷಗಳ ನಂತರ ಎರಡೂ ದೇಶಗಳು ಗಡಿಯ ಪ್ರಶ್ನೆಯಲ್ಲಿ ಯುದ್ಧ ಮಾಡಿದವು.

ನೇಪಾಳದೊಂದಿಗೆ ಕರ್ನಾಟಕಕ್ಕೆ ವಿಶಿಷ್ಟ ನಂಟಿದೆ. ಮಿಥಿಲೆಯನ್ನು ಸಿ��್ರೌನ್‌ಗಢದಿಂದ ಆಳಿದ ಕರ್ಣಾಟ ವಂಶದ ಮೂಲಪುರುಷ ನಾನ್ಯದೇವನು ಕರ್ನಾಟಕ ಮೂಲದವನು. ಕಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಕರ್ನಾಟಕದ ಭಟ್ಟರು ಪ್ರಧಾನ ಅರ್ಚಕರಾಗಿರುವುದು ದೀರ್ಘಕಾಲದ ಸಂಪ್ರದಾಯ. ನೇಪಾಳ ಸರ್ಕಾರ 2008ರ ಕೊನೆಯಲ್ಲಿ ಅವರ ಬದಲಿಗೆ ನೇಪಾಳಿ ಅರ್ಚಕರನ್ನು ನೇಮಿಸಿದಾಗ ತೀವ್ರ ವಿವಾದವಾಗಿ, 2009ರಲ್ಲಿ ನಿರ್ಧಾರವನ್ನು ಹಿಂತೆಗೆದುಕೊಳ್ಳಲಾಯಿತು. ಒಂದು ದೇಶಕ್ಕೆ ಹಂಚಿಕೊಂಡ ಪರಂಪರೆಯಾಗಿ ಕಾಣುವುದು ಇನ್ನೊಂದು ದೇಶದ ಕೆಲವರಿಗೆ ಸ್ವಾಭಿಮಾನದ ಪ್ರಶ್ನೆಯಾಗಬಹುದು ಎಂಬುದನ್ನು ಈ ಪ್ರಸಂಗ ತೋರಿಸಿತು.

ಆನೆಗೊಂದಿಯ ಸುತ್ತಲಿನ ಪ್ರದೇಶವನ್ನು ರಾಮಾಯಣದ ಕಿಷ್ಕಿಂಧೆಯೆಂದೂ, ಅಲ್ಲಿಯ ಅಂಜನಾದ್ರಿಯನ್ನು ಹನುಮಂತನ ಜನ್ಮಸ್ಥಳವೆಂದೂ ಭಕ್ತರು ನಂಬುತ್ತಾರೆ. ತಿರುಮಲದ ಬೆಟ್ಟವೊಂದೇ ಜನ್ಮಸ್ಥಳವೆಂಬ ವಾದವನ್ನು 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನಂ ಮುಂದಿಟ್ಟಾಗ ಅದು ಎರಡು ನೆರೆರಾಜ್ಯಗಳ ನಡುವಿನ ಚರ್ಚೆಯಾಯಿತು. ರಾಮಾಯಣದ ಪರಂಪರೆ ನೇಪಾಳ, ಶ್ರೀಲಂಕಾ, ಇಂಡೋನೇಷ್ಯಾ, ಥಾಯ್ಲೆಂಡ್‌ಗಳಲ್ಲಿಯೂ ಜೀವಂತವಾಗಿದೆ.

ವಿಶ್ಲೇಷಣೆ

ಎಡೆದೊರೆ ನಾಡಿನ ಚರಿತ್ರೆಯಿಂದ ಮೂರು ಅಂಶಗಳನ್ನು ಗುರುತಿಸಬಹುದು.

ಮೊದಲನೆಯದಾಗಿ, ಹಂಚಿಕೊಂಡ ಸಂಸ್ಕೃತಿ ಸಂವಾದವನ್ನು ಸಾಧ್ಯವಾಗಿಸುತ್ತದೆ. ಒಂದೇ ಮರ್ಯಾದೆಯ ಭಾಷೆ ತಿಳಿದಿದ್ದರಿಂದ ರಾಯಭಾರ, ವಿವಾಹ ಮತ್ತು ಸಂಧಿಗಳು ಸುಗಮವಾದವು. ಆದರೆ ಅದೇ ಭಾಷೆಯಲ್ಲಿ ಅವಮಾನವೂ ಅಷ್ಟೇ ಸ್ಪಷ್ಟವಾಗಿ ಅರ್ಥವಾಯಿತು. ಗಾಯಕರಿಗೆ ಬರೆದ ಆಜ್ಞಾಪತ್ರ, ಅರ್ಧಕ್ಕೆ ನಿಂತ ಬೀಳ್ಕೊಡುಗೆ, ಪಾದಕ್ಕೆ ಮುತ್ತಿಡುವ ಷರತ್ತು ಇದಕ್ಕೆ ಸಾಕ್ಷಿ.

ಎರಡನೆಯದಾಗಿ, ಭೂಮಿ ಮತ್ತು ಕಂದಾಯದ ಹಿತಾಸಕ್ತಿ ಎದುರಾದಾಗ ಸಂಸ್ಕೃತಿಯೊಂದೇ ಯುದ್ಧವನ್ನು ತಡೆಯಲಿಲ್ಲ. ನೀರಿನಂತಹ ಸಮಾನ ಹಿತಾಸಕ್ತಿಯನ್ನು ಲಿಖಿತ ಒಪ್ಪಂದ ಮತ್ತು ಶಾಶ್ವತ ಮಂಡಳಿಯ ಮೂಲಕ ನಿರ್ವಹಿಸಿದಾಗ ಸಹಕಾರ ಹೆಚ್ಚು ಕಾಲ ಬಾಳಿತು.

ಮೂರನೆಯದಾಗಿ, ಆಸ್ಥಾನಗಳ ಸ್ನೇಹಕ್ಕಿಂತ ಜನರ ಬಳಕೆಯಲ್ಲಿ ಬೆರೆತ ಸಂಸ್ಕೃತಿ ದೀರ್ಘಾಯುವಾಯಿತು. ರಾಯರೂ ಸುಲ್ತಾನರೂ ಅಳಿದ ಮೇಲೆಯೂ ಅವರ ಕಾಲದ ಪದ, ಉಡುಪು, ಹಬ್ಬ ಮತ್ತು ಕಾಲುವೆಗಳು ಈ ನಾಡಿನಲ್ಲಿ ಉಳಿದಿವೆ.

ಪ್ರಮುಖ ಸ್ಥಳಗಳು

ಕೊಪ್ಪಳ: ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಕೊಪ್ಪಳ ಕೋಟೆ, ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು, ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ.

ಗಂಗಾವತಿ: ಆನೆಗೊಂದಿ, ಮಾಧ್ವ ಯತಿಗಳ ನವವೃಂದಾವನ, ಅಂಜನಾದ್ರಿ, ಕುಮ್ಮಟದುರ್ಗ. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ನಿರ್ವಹಣಾ ಪ್ರದೇಶದಲ್ಲಿ ಆನೆಗೊಂದಿಯೂ ಸೇರಿದೆ.

ಕನಕಗಿರಿ: ಕನಕಾಚಲಪತಿ ದೇವಾಲಯ ಮತ್ತು ವಿಜಯನಗರದ ಸಾಮಂತರಾಗಿದ್ದ ನಾಯಕರ ಕಾಲದ ಕಟ್ಟಡಗಳು.

ಯಲಬುರ್ಗಾ ಮತ್ತು ಕುಕನೂರು: ಸಿಂದರ ಕಾಲದ ಅವಶೇಷಗಳು, ಕುಕನೂರಿನ ನವಲಿಂಗ ದೇವಾಲಯ, ಇಟಗಿಯ ಮಹಾದೇವ ದೇವಾಲಯ.

ಕುಷ್ಟಗಿ: ಮುದಗಲ್ಲು ಮತ್ತು ಗಜೇಂದ್ರಗಡಗಳ ನಡುವಿನ ಹಳೆಯ ಗಡಿನಾಡು.